'ಮೆಂಟರ್', 'ಮೆಂಟೀ'ಗೆ ಕನ್ನಡ ಬೇಕು, ಸೋಮವಾರದೊಳಗೆ

ಶಿರಸಿಯಿಂದ, ಶುಕ್ರವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ಒಂದು ಆಪ್‌ಗೆ ಕನ್ನಡ ಕೂರಿಸುತ್ತಿದ್ದೇನೆ. ಎರಡೇ ಪದಕ್ಕೆ ಕೆಲಸ ನಿಂತಿದೆ. ಸೋಮವಾರ ಕಳಿಸಬೇಕು.

ಆಪ್ ಇರೋದು ಕಂಪನಿಯ ಒಳಗಿನ ಬಳಕೆಗೆ. ಕೆಲಸಕ್ಕೆ ಸೇರಿ ಎರಡು ಮೂರು ವರ್ಷವಾದ ಹುಡುಗ ಹುಡುಗಿಯರು, ನಿವೃತ್ತಿ ಹತ್ತಿರ ಬಂದ ದೊಡ್ಡ ಅಧಿಕಾರಿಗಳಿಗೆ ತಂತ್ರಜ್ಞಾನ ಕಲಿಸಬೇಕು. ಎಕ್ಸೆಲ್‌ನ ಪಿವಟ್ ಟೇಬಲ್, ಎರಡು ಹಂತದ ಲಾಗಿನ್, ಚಾಟ್‌ಬಾಟ್‌ಗೆ ಪ್ರಶ್ನೆ ಕೇಳುವ ಬಗೆ, ಇಂಥವು. ಯಾರಿಗೆ ಯಾರು ಅಂತ ಜೋಡಿ ಮಾಡೋದು, ಇಬ್ಬರಿಗೂ ಬಿಡುವಿರುವ ಅರ್ಧ ಗಂಟೆ ಹುಡುಕೋದು ಆಪ್‌ನ ಕೆಲಸ. ವಿಚಾರ ಹೊಸದೇನಲ್ಲ. 1999ರಲ್ಲೇ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಮುಖ್ಯಸ್ಥ ಜಾಕ್ ವೆಲ್ಚ್ ತಮ್ಮ 500 ಹಿರಿಯ ಅಧಿಕಾರಿಗಳಿಗೆ, ಕಿರಿಯರ ಹತ್ತಿರ ಕೂತು ಇಂಟರ್‌ನೆಟ್ ಕಲಿಯಿರಿ ಎಂದಿದ್ದರು. ಇದಕ್ಕೆ ರಿವರ್ಸ್ ಮೆಂಟರಿಂಗ್ ಎನ್ನುತ್ತಾರೆ.

ಮೊದಲು 'ಹಿಮ್ಮುಖ ಮಾರ್ಗದರ್ಶನ' ಎಂದು ಬರೆದೆ. ದಾರಿ ತಪ್ಪಿಸಿದ ಹಾಗೆ ಕೇಳಿತು. ಆಮೇಲೆ 'ಗುರು', 'ಶಿಷ್ಯ' ಹಾಕಿ ಒಬ್ಬ ಹಿರಿಯರಿಗೆ ತೋರಿಸಿದೆ. ತಮ್ಮ ಫೋಟೋದ ಕೆಳಗೆ 'ಶಿಷ್ಯ' ಎಂದಿದ್ದನ್ನು ನೋಡಿದರು. ಫೋನನ್ನು ಮೇಜಿನ ಮೇಲೆ ಮಗುಚಿ ಇಟ್ಟರು. 'ಚಾ ಕುಡಿದು ಬರೋಣ' ಎಂದರು. ಮತ್ತೆ ಆ ಮಾತೇ ಎತ್ತಲಿಲ್ಲ.

ಕಲಿಸುವವರು ಕಿರಿಯರು, ಕಲಿಯುವವರು ಹಿರಿಯರು. ಇಬ್ಬರಿಗೂ ಸಣ್ಣತನ ಅನ್ನಿಸಬಾರದು. ಬಟನ್‌ನಲ್ಲಿ ಹಿಡಿಸಬೇಕು. ದಯವಿಟ್ಟು ಹೇಳಿ.

ಕಾರವಾರದಿಂದ

ಓದುಗ, ನೋಡುಗ, ಕೇಳುಗ. ಹಾಗೇ 'ಕಲಿಸುಗ'. ಇದಕ್ಕೆ ಇಷ್ಟುದ್ದದ ಪತ್ರ ಬೇಕಿರಲಿಲ್ಲ.

ಕುಮಟಾದಿಂದ

'ಕಲಿಸುಗ' ಈಗ ಕಟ್ಟಿದ್ದು. ಇರುವ ಪದ ಬಿಟ್ಟು ಕಟ್ಟೋದು ಯಾಕೆ? 'ಓಜ' ಇದೆ. ಅಚ್ಚಗನ್ನಡ. ಕಸುಬು ಕಲಿಸುವವನು ಓಜ. ಸುಮಾರು 900 ವರ್ಷದ ಹಿಂದೆ ಬೇಲೂರಿನ ಗುಡಿಯಲ್ಲಿ ಕೆತ್ತಿದ ಬಳ್ಳಿಗಾವೆಯ ದಾಸೋಜನ ಹೆಸರಿನ ಕೊನೆಗಿರುವುದು ಇದೇ. ಬಳ್ಳಿಗಾವೆ ಶಿರಸಿಯವರಿಗೆ ದೂರದ ಊರೂ ಅಲ್ಲ, ಬನವಾಸಿಯಿಂದ ಆಚೆ. ಕಲ್ಲು ಕೆತ್ತೋದು ಕಸುಬಾದರೆ ಕಂಪ್ಯೂಟರೂ ಕಸುಬೇ ಅಲ್ವಾ? ಮನೆಯಲ್ಲಿ ಇಂಥ ಪದ ಇಟ್ಟುಕೊಂಡು 'ಮೆಂಟರ್'ಗೆ ಕೈಚಾಚೋದು ನೋಡಿದರೆ ಹೊಟ್ಟೆ ಉರಿಯುತ್ತದೆ. ಹೊರಗಿನದೊಂದು ಬಂದರೆ ನಮ್ಮದೊಂದು ಸಾಯುತ್ತದೆ.

ಹೊನ್ನಾವರದಿಂದ

ಮಾಸ್ತರೇ, ಓಜ ಅಚ್ಚಗನ್ನಡ ಅಲ್ಲ. ಸಂಸ್ಕೃತದ ಉಪಾಧ್ಯಾಯ ಪ್ರಾಕೃತದಲ್ಲಿ ಸವೆದು 'ಉವಜ್ಝಾಯ' ಆಯಿತು. ಅದು ನಮ್ಮಲ್ಲಿ ಒಜ್ಜ, ಓಜ. ತದ್ಭವ. ಉತ್ತರದ ಕಡೆಯ 'ಓಝಾ' ಅಡ್ಡಹೆಸರೂ ಇದೇ ಬಳ್ಳಿಯದು.

ಹೊರಗಿನದು ಬಂದರೆ ನಮ್ಮದು ಸಾಯುತ್ತದೆ ಎಂಬ ಮಾತನ್ನೂ ಒಪ್ಪಲಾರೆ. ನಿಮ್ಮನ್ನು ಊರವರು ಏನೆಂದು ಕರೆಯುತ್ತಾರೆ? ಮಾಸ್ತರು. 'ಓಜರೇ' ಎಂದು ಒಬ್ಬರೂ ಕರೆದದ್ದು ನಾನು ಕೇಳಿಲ್ಲ. ಲ್ಯಾಟಿನ್‌ನ 'ಮಜಿಸ್ಟರ್' ಇಂಗ್ಲಿಷಿನ ದಾರಿ ಹಿಡಿದು ಬಂದು ಮಾಸ್ತರ ಆಯಿತು. ಅದೇ ಪದ ಪೋರ್ಚುಗೀಸರ ಬಾಯಲ್ಲಿ 'ಮೆಸ್ತ್ರೆ' ಆಗಿ, ಇಲ್ಲಿಗೆ ಬಂದು ಮೇಸ್ತ್ರಿ ಆಯಿತು. ಒಂದೇ ತಾಯಿಯ ಮಕ್ಕಳು, ಒಬ್ಬ ಶಾಲೆಗೆ ಹೋದ, ಇನ್ನೊಬ್ಬ ಗಾರೆ ಕೆಲಸಕ್ಕೆ. ನಮ್ಮ ಜಿಲ್ಲೆ 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಪಕ್ಕದಲ್ಲೇ ಗೋವೆ. ಮಾಮಲೇದಾರ, ಕಾರಕೂನ ಎಲ್ಲ ಆ ಕಾಲದ ಕಚೇರಿ ಮಾತು. ಮೇಜು, ಚಾವಿ ಪೋರ್ಚುಗೀಸರದ್ದು. ಇವನ್ನೆಲ್ಲ ಬಿಟ್ಟು ಒಂದು ದಿನ ಮಾತಾಡಿ ನೋಡಿ.

'ಮೆಂಟರ್' ಇಂಗ್ಲಿಷಿಗೂ ಎರವಲೇ. ಗ್ರೀಕ್ ಕಥೆಯಲ್ಲಿ ಒಡಿಸ್ಯೂಸ್ ಯುದ್ಧಕ್ಕೆ ಹೋಗುವಾಗ ಮನೆ ನೋಡಿಕೋ ಎಂದು ಬಿಟ್ಟುಹೋದ ಗೆಳೆಯನ ಹೆಸರು ಅದು. ಆ ಹೆಸರಿನ ಬಾಲ ಕತ್ತರಿಸಿ 'ಮೆಂಟೀ' ಮಾಡಿಕೊಂಡರು. ಅವರು ಹಾಗೆ ಮಾಡಿಕೊಂಡಿರುವಾಗ ನಾವು ಮೆಂಟರ್ ಎಂದೇ ಬರೆದರೆ ತಪ್ಪೇನು?

ಕುಮಟಾದಿಂದ

ತದ್ಭವ ಅಂದರೆ ಕನ್ನಡ ಜೀರ್ಣಿಸಿಕೊಂಡದ್ದು. ಮೆಂಟರ್ ಹಾಗಲ್ಲ. ಚಾವಿ ಬಂದ ಮೇಲೆ ಬೀಗದಕೈ ಎಷ್ಟು ಮನೆಯಲ್ಲಿ ಉಳಿದಿದೆ, ಎಣಿಸಿ ಹೇಳಿ.

ಶಿರಸಿಯಿಂದ, ಶನಿವಾರ ರಾತ್ರಿ

ಎಲ್ಲರಿಗೂ ಧನ್ಯವಾದ. ಬಂದ ಪದಗಳನ್ನೆಲ್ಲ ಪರದೆಯಲ್ಲಿ ಹಾಕಿ ನೋಡಿದೆ.

'ಕಲಿಸುಗ' ಚೆನ್ನಾಗಿದೆ. ಅದರ ಜೋಡಿಯೇ ತೊಂದರೆ. ಅದೇ ಕಟ್ಟಿನಲ್ಲಿ ಕಲಿಯುವವರು 'ಕಲಿಯುಗ' ಆಗಿಬಿಡುತ್ತಾರೆ. 'ಕಲಿಯುಗ: 12 ಮಂದಿ' ಎಂದು ಬಂತು. ಇದನ್ನು ಯಾವ ಅಧಿಕಾರಿಗೂ ತೋರಿಸಲಿಕ್ಕಾಗಲ್ಲ. 'ಓಜ' ಗಂಡಸಿನ ಪದ. ಕಲಿಸುವವರಲ್ಲಿ ಹುಡುಗಿಯರೇ ಜಾಸ್ತಿ. 'ಮಾಸ್ತರ'ದ್ದೂ ಅದೇ ಕಷ್ಟ, ಹೆಂಗಸರಿಗೆ ಬೇರೆಯಾಗಿ 'ಅಕ್ಕೋರು' ಬೇಕು. 'ಮೆಂಟರ್' ನಡೆದೀತು, 'ಮೆಂಟೀ' ಯಾರ ನಾಲಿಗೆಗೂ ಬರಲಿಲ್ಲ.

ನಿನ್ನೆ ಮಧ್ಯಾಹ್ನ ಆಫೀಸಿನಲ್ಲಿ ಸುಮ್ನೆ ಕೂತು ಕೇಳಿಸಿಕೊಂಡೆ. ಫೋನ್ ಮಗುಚಿ ಇಟ್ಟಿದ್ದರಲ್ಲ, ಅದೇ ಹಿರಿಯರು ಲಾಗಿನ್ ಆಗಲು ಒದ್ದಾಡುತ್ತಿದ್ದರು. ಫೋನಿನಲ್ಲಿ ಬರುವ ಆರಂಕಿಯ ಕೋಡ್ 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಅವರು ಕೋಡ್ ಓದಿ, ಕನ್ನಡಕ ಸರಿಮಾಡಿಕೊಂಡು, ಕಂಪ್ಯೂಟರಿನ ಕಡೆ ತಿರುಗುವಷ್ಟರಲ್ಲಿ ಹೊಸದು ಬಂದಿರುತ್ತಿತ್ತು. ಮೂರು ಸಲ ಹಾಗಾಯಿತು. ಪಕ್ಕದ ಮೇಜಿನ ಹುಡುಗಿಯನ್ನು ಕರೆದು 'ತಂಗಿ, ಇದೊಂದು ತೋರಿಸಿಕೊಡು' ಎಂದರು. ಅವಳು ಫೋನ್ ಕೈಗೆ ತಗೊಳ್ಳಲಿಲ್ಲ. 'ಕೋಡಿನ ಪಕ್ಕದ ಈ ಉರುಟು ಗುರುತು ಕರಗ್ತಾ ಇದೆ ನೋಡಿ ಸರ್, ಪೂರ್ತಿ ಕರಗೋವರೆಗೆ ಕಾಯಿರಿ, ಹೊಸದು ಬಂದ ಕೂಡಲೇ ಹೊಡೀರಿ' ಎಂದಳು. ಅವರು ಕಾದರು. ಬಾಗಿಲು ತೆರೆಯಿತು.

ನಾವು ಇಲ್ಲಿ ಗುದ್ದಾಡಿದ ಪದ ಅವರ ಬಾಯಲ್ಲೇ ಇತ್ತು. ತೋರಿಸಿಕೊಡು. ಅದರ ಜೋಡಿ, ಕಲಿತುಕೊಳ್ಳು. ಒಂದಕ್ಕೆ ಕೊಡು, ಇನ್ನೊಂದಕ್ಕೆ ಕೊಳ್ಳು. ಇದರಲ್ಲಿ ವಯಸ್ಸು, ಹುದ್ದೆ, ಗಂಡು ಹೆಣ್ಣು ಯಾವುದೂ ನುಸುಳುವುದಿಲ್ಲ. 'ಹೇಳಿಕೊಡು' ಇನ್ನೂ ಹತ್ತಿರದ ಮಾತು. ಆದರೆ 'ಹೇಳಿಸಿಕೊಳ್ಳು' ಅಂದರೆ ಬೈಸಿಕೊಂಡ ಹಾಗಾಗುತ್ತದೆ, ಅದಕ್ಕೇ ಬಿಟ್ಟೆ.

'ತೋರಿಸಿಕೊಡುವವರು' ಬಟನ್‌ನಲ್ಲಿ ಎರಡು ಸಾಲಾಗಿ ಮುರಿಯಿತು. ಹಾಗಾಗಿ ನಾಮಪದವೇ ಬೇಡ ಎಂದು ಕ್ರಿಯಾಪದ ಹಾಕಿದ್ದೇನೆ. ಒಂದು ಬಟನ್ 'ತೋರಿಸಿಕೊಡುವೆ', ಇನ್ನೊಂದು 'ಕಲಿತುಕೊಳ್ಳುವೆ'. ಇಬ್ಬರ ಫೋಟೋದ ಕೆಳಗೂ ಬರೀ ಹೆಸರು. 'ರಿವರ್ಸ್'ಗೆ ಪದವನ್ನೇ ಹಾಕಿಲ್ಲ, ಬೇಕು ಅನ್ನಿಸಲಿಲ್ಲ. 'ಸೆಷನ್' ಇರುವಲ್ಲಿ 'ಭೇಟಿ' ಎಂದು ಬರೆದಿದ್ದೇನೆ.

ಕುಮಟಾದಿಂದ

ತೋರಿಸಿಕೊಡು ಒಪ್ಪಿದೆ. 'ಭೇಟಿ' ಕನ್ನಡದ್ದಲ್ಲ. ಸೋಮವಾರಕ್ಕೆ ಇನ್ನೂ ಒಂದು ದಿನ ಇದೆ.