ಸದ್ದು ಕೇಳಿ ಬೇರಿಂಗ್ ದೋಷ ಹಿಡಿಯೋ ಮಾಡೆಲ್, ಮೋಟಾರು ಬದಲಾದ ಕೂಡಲೇ ಕೈಕೊಡ್ತಿದೆ

ಎರಡು_ಎಚ್‌ಪಿ:
2 ಎಚ್‌ಪಿ, 4 ಪೋಲ್, 1420 ಆರ್‌ಪಿಎಂ ಇಂಡಕ್ಷನ್ ಮೋಟಾರುಗಳು, 6205 ಅಳತೆಯ ಬಾಲ್ ಬೇರಿಂಗ್. ಇಎಸ್‌ಪಿ32 ಅನ್ನೋ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡಿಗೆ ಐಎನ್‌ಎಂಪಿ441 ಮೈಕ್, ಸೆಕೆಂಡಿಗೆ 16,000 ಸ್ಯಾಂಪಲ್. ಒಂದು ಒಳ್ಳೆ ಮೋಟಾರು, ಬೇರಿಂಗಿನ ಹೊರ ರೇಸ್ (ಗುಂಡುಗಳು ಓಡೋ ಹೊರಬಳೆ) ಕಿತ್ತುಹೋದ ಇನ್ನೊಂದು. ತಲಾ ಅರ್ಧ ಗಂಟೆ ರೆಕಾರ್ಡ್ ಮಾಡಿ, 1 ಸೆಕೆಂಡಿನ ತುಂಡು ಮಾಡಿ, ಕಲಸಿ, ಟ್ರೇನಿಂಗಿಗೂ ಟೆಸ್ಟಿಗೂ 80:20 ಹಂಚಿದೆ. ಲಾಗ್-ಮೆಲ್, ಅಂದರೆ ಯಾವ ಹೊತ್ತಿಗೆ ಯಾವ ಸ್ವರ ಎಷ್ಟು ಜೋರು ಅನ್ನೋ ಚಿತ್ರ (ಒಮ್ಮೆಗೆ ನೋಡೋ ವಿಂಡೋ 1024 ಸ್ಯಾಂಪಲ್, ಹಾಪ್ 512, 64 ಬ್ಯಾಂಡ್), ಅದನ್ನು ಚಿತ್ರ ಗುರುತಿಸೋ ನ್ಯೂರಲ್ ನೆಟ್‌ವರ್ಕ್ ಸಿಎನ್‌ಎನ್‌ಗೆ ಕೊಟ್ಟರೆ ಟೆಸ್ಟಿನಲ್ಲಿ 99%. ಮೂರನೇ ಮೋಟಾರಿನ ಮುಂದಿಟ್ಟರೆ, ಅದು ಚೆನ್ನಾಗಿದ್ದರೂ 'ಹಾಳು' ಅನ್ನುತ್ತೆ. ಎಲ್ಲಿ ಎಡವಿದೀನಿ?

ಗ್ರೀಸ್‌ಗನ್:
ಆ 99% ಮರೆತುಬಿಡಿ. ನಿಮ್ಮ ಮಾಡೆಲ್ ಕಲಿತಿರೋದು ಎರಡು ಮೋಟಾರುಗಳ ದನಿ: ಫ್ಯಾನ್ ಕವರಿನ ಅದುರು, ಬುಡದ ಬೋಲ್ಟಿನ ಬಿಗಿ, ಕೋಣೆಯ ಪ್ರತಿಧ್ವನಿ. ಒಂದೇ ರೆಕಾರ್ಡಿಂಗಿನ ಅಕ್ಕಪಕ್ಕದ ತುಂಡುಗಳು ಟ್ರೇನಿಂಗಿಗೂ ಟೆಸ್ಟಿಗೂ ಹೋದರೆ ಪ್ರಶ್ನೆಪತ್ರಿಕೆ ಮುಂಚೆಯೇ ಸಿಕ್ಕ ಹಾಗೆ. ಮೋಟಾರಿನ ಲೆಕ್ಕದಲ್ಲಿ ಹಂಚಿ: ಒಂದು ಮೋಟಾರಿನ ತುಂಡೆಲ್ಲಾ ಒಂದೇ ಕಡೆ ಇರಲಿ. ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದ ಬೇರಿಂಗ್ ಡೇಟಾ ಬಳಸುವವರೂ ಇದೇ ಗುಂಡಿಗೆ ಬೀಳ್ತಾರೆ.

ಒಂದು ಪರೀಕ್ಷೆ ಮಾಡಿ: ಹಾಳಾದ ಬೇರಿಂಗನ್ನು ಒಳ್ಳೆ ಮೋಟಾರಿಗೆ ಕೂರಿಸಿ. ಉತ್ತರ ಬೇರಿಂಗಿನ ಜೊತೆ ಹೋಗುತ್ತೋ, ಮೋಟಾರಿನ ಜೊತೆಯೇ ಉಳಿಯುತ್ತೋ ನೋಡಿ. ಬಿಚ್ಚುವಾಗ ಪುಲ್ಲರಿನ ಕಾಲು ಒಳ ರೇಸಿಗೇ ಹಿಡಿಯಬೇಕು. ಹೊರ ರೇಸ್ ಹಿಡಿದೆಳೆದರೆ ಗುಂಡುಗಳ ಗುರುತು ಟ್ರ್ಯಾಕಿನ ಮೇಲೆ ಕೂತು, ಇಲ್ಲದ ದೋಷ ನೀವೇ ಮಾಡಿದ ಹಾಗಾಗುತ್ತೆ.

ಸ್ಲಿಪ್5:
ಹಂಚಿಕೆ ಸರಿಮಾಡಿದರೂ ಲಾಗ್-ಮೆಲ್ ತೊಂದರೆ ಉಳಿಯುತ್ತೆ. 1420 ಆರ್‌ಪಿಎಂ ಅಂದರೆ ಶಾಫ್ಟ್ ಸೆಕೆಂಡಿಗೆ 23.67 ಸುತ್ತು, ಅಂದರೆ 23.67 ಹರ್ಟ್ಸ್. 6205ರಲ್ಲಿ 9 ಗುಂಡು. ಗುಂಡು ದೋಷದ ಮೇಲೆ ಹಾಯ್ದಾಗ ಬೀಳೋ ಪೆಟ್ಟು, ಶಾಫ್ಟಿನ ಒಂದೊಂದು ಸುತ್ತಿಗೂ ಹೊರ ರೇಸಿನದು 3.585, ಒಳ ರೇಸಿನದು 5.415. ಅಂದರೆ ಸುಮಾರು 85 ಮತ್ತು 128 ಹರ್ಟ್ಸ್. ಹೊರ ರೇಸಿನಲ್ಲಿ ಪೆಟ್ಟಿನಿಂದ ಪೆಟ್ಟಿಗೆ 11.8 ಮಿಲಿಸೆಕೆಂಡ್. ನಿಮ್ಮ ವಿಂಡೋ 64 ಮಿಲಿಸೆಕೆಂಡ್! ಒಂದೊಂದು ಚೌಕದಲ್ಲಿ ಐದಾರು ಪೆಟ್ಟು ಕಲಸಿಹೋಗಿ ತಾಳವೇ ಮಾಯ, ಬರೀ ಗದ್ದಲ ಜಾಸ್ತಿಯಾದದ್ದು ಉಳಿಯುತ್ತೆ. ಗ್ರೀಸ್ ಒಣಗಿದರೂ ಅದೇ ಗದ್ದಲ.

ಎನ್ವಲಪ್, ಅಂದರೆ ಸದ್ದಿನ ಏರಿಳಿತದ ಹೊರರೇಖೆ, ತೆಗೆಯಿರಿ. 2ರಿಂದ 6 ಕಿಲೋಹರ್ಟ್ಸ್ ಬ್ಯಾಂಡ್‌ಪಾಸ್ (ಆ ಸ್ವರಗಳಷ್ಟೇ ಉಳಿಸೋ ಫಿಲ್ಟರ್), ಹಿಲ್ಬರ್ಟ್ (ಹೊರರೇಖೆ ಕೊಡೋ ಲೆಕ್ಕ), ಮೇಲೆ ಎಫ್‌ಎಫ್‌ಟಿ (ಹರ್ಟ್ಸ್‌ವಾರು ಬಿಡಿಸೋ ಲೆಕ್ಕ). 10 ಸೆಕೆಂಡಿನ ರೆಕಾರ್ಡಿಂಗ್ ಇದ್ದರೆ 0.1 ಹರ್ಟ್ಸ್ ಬಿಡಿಸಿ ಕಾಣುತ್ತೆ. 85, 170, 255ರಲ್ಲಿ ಮುಳ್ಳು ನಿಂತಿದ್ದರೆ ಹೊರ ರೇಸೇ. 100 ಹರ್ಟ್ಸ್‌ನ ಮುಳ್ಳು ಕರೆಂಟಿನ ಗುಂಯ್, ಅದನ್ನು ಬಿಡಿ.

ರೋಟರ್ ಬಾರ್ (ತಿರುಗೋ ಭಾಗದ ಲೋಹದ ಕಡ್ಡಿ) ಮುರಿದದ್ದನ್ನು ಮಾತ್ರ ಮೈಕಿನಲ್ಲಿ ಹುಡುಕಬೇಡಿ. ಒಂದು ಫೇಸಿಗೆ ಕ್ಲಾಂಪ್ ಸಿಟಿ (ತಂತಿಗೆ ಸಿಕ್ಕಿಸಿ ಕರೆಂಟ್ ಅಳೆಯೋದು) ಹಾಕಿ, ಲೋಡಿನಲ್ಲಿ 50ರ ಅಕ್ಕಪಕ್ಕ 44.7 ಮತ್ತು 55.3 ಹರ್ಟ್ಸ್ ನೋಡಿ.

ಎರಡು_ಎಚ್‌ಪಿ:
ಹೇಳೋದು ಮರೆತೆ, ಮೂರನೇ ಮೋಟಾರು ವಿಎಫ್‌ಡಿ (ವೇಗ ಬದಲಿಸೋ ಡ್ರೈವ್) ಮೇಲೆ 42 ಹರ್ಟ್ಸ್‌ಗೆ ಓಡ್ತಿದೆ. ಮೈಕ್ ಫ್ಯಾನ್ ಕವರಿನ ಹಿಂದೆ.

ಸ್ಲಿಪ್5:
ಅದನ್ನಲ್ಲವಾ ಮೊದಲು ಹೇಳಬೇಕಾದ್ದು! ವಿಎಫ್‌ಡಿಯ ಕ್ಯಾರಿಯರ್ (ಅದು ಕರೆಂಟನ್ನು ಕತ್ತರಿಸೋ ವೇಗ) 4 ಕಿಲೋಹರ್ಟ್ಸ್‌ಗಿದ್ದರೆ ಆ ಕೀರಲು ಸರಿಯಾಗಿ ನಿಮ್ಮ ಬ್ಯಾಂಡಿನ ನಡುವೆ ಬಂದು ಕೂರುತ್ತೆ. ಬ್ಯಾಂಡನ್ನು 5–7 ಕಿಲೋಹರ್ಟ್ಸ್‌ಗೆ ಸರಿಸಿ. ವೇಗ ಇಳಿದದ್ದರಿಂದ ಪೆಟ್ಟೂ ಜಾಗ ಬದಲಿಸುತ್ತೆ. ಶಾಫ್ಟ್ 1180 ಆರ್‌ಪಿಎಂ ಇದ್ದರೆ ಹೊರ ರೇಸ್ 70.5 ಹರ್ಟ್ಸ್‌ಗೆ ಬರುತ್ತೆ. ಟ್ಯಾಕೋಮೀಟರಿನಲ್ಲಿ ವೇಗ ಅಳೆದು, ಹರ್ಟ್ಸ್ ಅಕ್ಷವನ್ನು ಶಾಫ್ಟಿನ ಹರ್ಟ್ಸ್‌ನಿಂದ ಭಾಗಿಸಿ ಮಾಡೆಲ್‌ಗೆ ಕೊಡಿ. ಆಗ 3.585 ಯಾವ ವೇಗಕ್ಕೂ 3.585ರಲ್ಲೇ ನಿಲ್ಲುತ್ತೆ.

ಗ್ರೀಸ್‌ಗನ್:
ಮೈಕನ್ನು ಫ್ಯಾನಿನಿಂದ ಈಚೆ, ಪುಲ್ಲಿ ಕಡೆ ಎಂಡ್ ಕವರಿಗೆ 10–15 ಸೆಂ.ಮೀ. ದೂರದಲ್ಲಿಡಿ, ಬೆಲ್ಟಿಗೆ ಸಿಗದ ಹಾಗೆ. ಸ್ಪಂಜಿನ ಟೋಪಿ ಹಾಕಿ. ಗಾಳಿ ನೇರ ಬಡಿದರೆ ಭರ್ ಅನ್ನೋದು ಬಿಟ್ಟು ಬೇರೇನೂ ಸಿಗಲ್ಲ. ಹಾಳಾದ ಮೋಟಾರುಗಳು ನಾಲ್ಕಾರು ಸಿಗೋವರೆಗೆ ಸಿಎನ್‌ಎನ್ ಬದಿಗಿಟ್ಟು, ಒಳ್ಳೆ ಸದ್ದಿನ ಮೇಲಷ್ಟೇ ಆಟೋಎನ್‌ಕೋಡರ್ (ಮಾಮೂಲಿ ಸದ್ದು ಕಲಿತು, ಹೊಸದು ಅದರಿಂದ ಎಷ್ಟು ದೂರ ಅಂತ ಅಳೆಯೋ ಮಾಡೆಲ್) ಕಲಿಸಿ. ಬೆಳಗ್ಗೆ ತಣ್ಣಗಿದ್ದಾಗಿನದು, ಬಿಸಿಯಾದಮೇಲಿನದು, ಲೋಡ್ ಇರೋದು ಇಲ್ಲದ್ದು ಎಲ್ಲಾ ಇರಲಿ. 5 ರೆಕಾರ್ಡಿಂಗಿನಲ್ಲಿ 3 ಆದರೂ ನೀವಿಟ್ಟ ಮಿತಿ ದಾಟಿದರೆ ಮಾತ್ರ ಅಲಾರಂ.