ಸಂಜೆ ಏಳಕ್ಕೆ ಸೈರನ್ ಕೂಗಿದ್ರೆ ಮಕ್ಕಳು ಮೊಬೈಲ್ ಬಿಡ್ತಾರಾ?

ದಾವಣಗೆರೆ_ಮೇಷ್ಟ್ರು (ಸಂಜೆ 7.12): ಬೆಳಗಾವಿ ಹತ್ರ ಹಲಗಾದಲ್ಲಿ 2024ರ ಡಿಸೆಂಬರ್‌ನಲ್ಲಿ ಒಂದು ನಿಯಮ ತಂದ್ರು. ಸಂಜೆ 7ಕ್ಕೆ ಸೈರನ್, 9ರವರೆಗೆ ಟಿವಿ, ಮೊಬೈಲ್ ಬಂದ್, ಮಕ್ಕಳು ಓದ್ಬೇಕು. ಸಾಂಗ್ಲಿ ಜಿಲ್ಲೆಯ ವಡಗಾವ್‌ನಲ್ಲಿ 2022ರಲ್ಲೇ ಇಂಥದ್ದು ಶುರುವಾಗಿತ್ತು. ಎಲ್ಲಾ ಊರಲ್ಲೂ ಕಡ್ಡಾಯ ಮಾಡ್ಲಿ. ತಾಯಂದಿರು ಎರಡು ಗಂಟೆ ಸೀರಿಯಲ್ ಬಿಟ್ರೆ ಅರ್ಧ ಸಮಸ್ಯೆ ಅಲ್ಲೇ ಮುಗೀತು.

ರಾಗಿಮುದ್ದೆ (7.20): "ತಾಯಂದಿರು"? ಐಪಿಎಲ್ ಶುರುವಾಗೋದು ಎಷ್ಟೊತ್ತಿಗೆ ಸಾರ್? ಏಳೂವರೆಗೆ. ಸೈರನ್ ಗಂಡಸರ ಕಿವಿಗೂ ಬೀಳುತ್ತೋ?

ದಾವಣಗೆರೆ_ಮೇಷ್ಟ್ರು (7.24): ಐಪಿಎಲ್ ವರ್ಷಕ್ಕೆ ಎರಡೇ ತಿಂಗಳಮ್ಮ. ಸೀರಿಯಲ್ ವರ್ಷಪೂರ್ತಿ.

ರಾಗಿಮುದ್ದೆ (7.27): ಆ "ಎರಡೇ ತಿಂಗಳು" ಬರೋದು ಯಾವಾಗ? ಮಾರ್ಚ್ ಕೊನೇಲಿ, ಪರೀಕ್ಷೆ ಹೊತ್ತಿಗೆ ಸರಿಯಾಗಿ.

ಬಗ್_ಬೈರ (7.52): ಕಡ್ಡಾಯ ಅಂತೆ! ಹೋಂವರ್ಕ್ ಬರೋದೇ ವಾಟ್ಸಾಪಲ್ಲಿ. ಮಗಳ ಕ್ಲಾಸ್ ಗ್ರೂಪಿಗೆ ಈಗ 7.40ಕ್ಕೆ ಬಂತು: ನಾಳೆ ಚಾರ್ಟ್ ಶೀಟ್ ತರಬೇಕಂತೆ. ಮೊಬೈಲ್ ಆಫ್ ಮಾಡಿ ಕೂತಿದ್ರೆ ಅಂಗಡಿ ಬಾಗಿಲು ಹಾಕಿದ್ಮೇಲೆ ಗೊತ್ತಾಗ್ತಿತ್ತು.

ಗಡಿನಾಡ_ಹುಡುಗ (7.58): ಚಾರ್ಟ್ ಶೀಟ್ ಬಿಡ್ರೀ. ನಮ್ಮಕ್ಕನ ಮಗಗ ಎರಡೂವರೆ ವರ್ಷ. ಚೊಂಬಿಗೆ ಮೊಬೈಲ್ ಆನಿಸಿ ಇಟ್ರನ ಬಾಯಿ ತಗೀತಾನ. ವಿಡಿಯೋ ನಡುವ ಜಾಹೀರಾತು ಬಂದ್ರ ತುತ್ತು ಉಗುಳತಾನ. 2ರಿಂದ 4 ವರ್ಷದ ಮಕ್ಕಳಿಗೆ ದಿನಕ್ಕ ಒಂದು ತಾಸು ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಾಗ ಹೇಳೇತಿ.

ಬಗ್_ಬೈರ (8.03): ಅದು ಐದು ವರ್ಷದೊಳಗಿನವರಿಗೆ ಗುರು. ನನ್ನ ಮಗಳಿಗೆ 13. ಸ್ವೀಡನ್ 2024ರಲ್ಲಿ 13ರಿಂದ 18ರವರಿಗೆ ದಿನಕ್ಕೆ ಎರಡು-ಮೂರು ಗಂಟೆ ಸಾಕು ಅಂದಿದೆ. ಸಾಕು ಅಂದಿದೆ, ಬಂದ್ ಅಂದಿಲ್ಲ.

ಗಡಿನಾಡ_ಹುಡುಗ (8.05): ಸ್ವೀಡನ್ನಿನಾಗ ಇದ್ದೀರೇನ್ರೀ ನೀವು?

ರಾಗಿಮುದ್ದೆ (8.09): ಮೇಷ್ಟ್ರು ಪರೀಕ್ಷೆ ವಿಷಯಕ್ಕೆ ಉತ್ತರಾನೇ ಕೊಟ್ಟಿಲ್ಲ.

ದಾವಣಗೆರೆ_ಮೇಷ್ಟ್ರು (8.15): ನಾನು ಕ್ರಿಕೆಟ್ ನೋಡೋದೇ ಇಲ್ಲ. ಅಡುಗೆಮನೆಗೂ ಟಿವಿ ಕಾಣೋ ಹಾಗೆ ಸೋಫಾ ತಿರುಗಿಸಿರೋ ಮನೆ ಎಷ್ಟು ನೋಡಿಲ್ಲ ನಾನು!

ರಾಗಿಮುದ್ದೆ (8.17): ಅಡುಗೆಮನೇಲಿ ನಿಂತು ನೋಡೋರು ಚಪಾತಿನೂ ಲಟ್ಟಿಸ್ತಿರ್ತಾರೆ. ಸೋಫಾದಲ್ಲಿ ಕೂತೋರು ಏನು ಮಾಡ್ತಿರ್ತಾರೆ?

ಬಗ್_ಬೈರ (8.18): 😂😂

ದಾವಣಗೆರೆ_ಮೇಷ್ಟ್ರು (8.21): ವಿಷಯಾಂತರ ಬೇಡ. ಶಿಸ್ತು ದೊಡ್ಡವರಿಂದಲೇ ಶುರುವಾಗಬೇಕು ಅಂತಷ್ಟೇ ನನ್ನ ವಾದ.

ರಾಗಿಮುದ್ದೆ (8.22): ಹೌದಾ? ನಿಮ್ಮ ಮೊದಲ ಕಾಮೆಂಟ್ ಬಿದ್ದಿದ್ದು 7.12ಕ್ಕೆ. ಈಗ 8.22.

ದಾವಣಗೆರೆ_ಮೇಷ್ಟ್ರು (8.40): ನಮ್ಮೂರಲ್ಲಿ ಸೈರನ್ ಇಲ್ಲ.