ಅಂಬಾಸಿಡರ್: ಹೊಸ ಪಾಯಿಂಟ್ ಹಾಕಿದ ಮೇಲೆ ಕಿಡಿಯೇ ಇಲ್ಲ, ಡಿಸ್ಟ್ರಿಬ್ಯೂಟರ್ ಹೋಗಿದೆಯಾ?

ಹಳೇಗಾಡಿ
1489 ಸಿಸಿ ಪೆಟ್ರೋಲ್, ಲೂಕಾಸ್ 25ಡಿ4 ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕಿಡಿ ಹಂಚುವ ಭಾಗ, ಗ್ಯಾರೇಜ್ ಮಾತಿನಲ್ಲಿ ಡೆಲ್ಕೋ). ಮೊದಲು ಎಕ್ಸಿಲರೇಟರ್ ಒತ್ತಿದಾಗ ಮಿಸ್ಸಿಂಗ್ ಇತ್ತು. ಅದರೊಳಗಿನ ಪಾಯಿಂಟ್ (ಕಾಯಿಲ್‌ನ ಕರೆಂಟನ್ನು ಕಡಿದು ಸೇರಿಸುವ ಜೋಡಿ ತುದಿ), ಕಂಡೆನ್ಸರ್ ಹೊಸದು ಹಾಕಿದ ಮೇಲೆ ಸ್ಟಾರ್ಟೇ ಆಗುತ್ತಿಲ್ಲ. ಬ್ಯಾಟರಿ 12.5 ವೋಲ್ಟ್, ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಕಾರ್ಬ್ಯುರೇಟರ್‌ಗೆ ಪೆಟ್ರೋಲ್ ಬರುತ್ತಿದೆ. ಡೆಲ್ಕೋ ಪೂರ್ತಿ ಬದಲಾಯಿಸಬೇಕು ಅನ್ನುತ್ತಿದ್ದಾರೆ. ಅದಕ್ಕೆ ಮೊದಲು ಏನು ನೋಡಲಿ?

ಗ್ರೀಸ್‌ಕೈ
ಬದಲಾಯಿಸಬೇಡಿ. ಕ್ಲ್ಯಾಂಪ್ ಕೂಡ ಸಡಿಲಿಸಬೇಡಿ, ಟೈಮಿಂಗ್ ಹೋದರೆ ಒಂದಿದ್ದ ತೊಂದರೆ ಎರಡಾಗುತ್ತದೆ.

ಕ್ಯಾಪ್ ತೆಗೆದು, ಪಾಯಿಂಟ್ ಮುಚ್ಚುವವರೆಗೆ ಹ್ಯಾಂಡಲ್‌ನಿಂದ ಇಂಜಿನ್ ತಿರುಗಿಸಿ. ಕಾಯಿಲ್‌ನಿಂದ ಬರುವ ದಪ್ಪ ವೈರನ್ನು ಕ್ಯಾಪ್‌ನ ಮಧ್ಯದಿಂದ ಕಿತ್ತು, ತುದಿ ಇಂಜಿನ್ ಬ್ಲಾಕ್‌ನಿಂದ 6 ಮಿ.ಮೀ. ದೂರದಲ್ಲಿರುವಂತೆ ಒಣ ಮರದ ಕ್ಲಿಪ್ಪಿನಲ್ಲಿ ಹಿಡಿಯಿರಿ. ಇಗ್ನಿಷನ್ ಆನ್ ಮಾಡಿ ಸ್ಕ್ರೂಡ್ರೈವರ್‌ನಿಂದ ಪಾಯಿಂಟ್ ಮೀಟಿ. ನೀಲಿ ಕಿಡಿ ಚಟ್ಟನೆ ಹಾರಿದರೆ ತಪ್ಪು ಮುಂದೆ, ಅಂದರೆ ಕ್ಯಾಪ್, ರೋಟರ್ (ಕ್ಯಾಪ್ ಒಳಗೆ ಶಾಫ್ಟ್ ಮೇಲೆ ತಿರುಗುವ ತುಂಡು) ಅಥವಾ ಪ್ಲಗ್ ವೈರಿನಲ್ಲಿ. ಹಳದಿಯಾಗಿ ಸೊರಗಿದ್ದರೆ ಮೊದಲ ಅನುಮಾನ ಕಂಡೆನ್ಸರ್ ಮೇಲೆ; ಹೊಸದು ಅಂದಮಾತ್ರಕ್ಕೆ ನಂಬಬೇಡಿ. ಕಿಡಿಯೇ ಇಲ್ಲದಿದ್ದರೆ ಮೀಟರ್ ಹಿಡಿಯಿರಿ.

ಪಾಯಿಂಟ್ ತೆರೆದಿರುವಾಗ ಕಾಯಿಲ್‌ನ ಸಿಬಿ ಟರ್ಮಿನಲ್‌ನಲ್ಲಿ (ಡಿಸ್ಟ್ರಿಬ್ಯೂಟರ್‌ಗೆ ವೈರ್ ಹೋಗುವ ಕಡೆ) ಹತ್ತಿರ ಹತ್ತಿರ 12 ವೋಲ್ಟ್ ಇರಬೇಕು. ಮುಚ್ಚಿದಾಗ 0.2ಕ್ಕಿಂತ ಕಡಿಮೆ, ಜಾಸ್ತಿ ಇದ್ದರೆ ಪಾಯಿಂಟ್ ಮೇಲೆ ಎಣ್ಣೆಯೋ ಕಿಟ್ಟವೋ ಇದೆ, ಇಲ್ಲವೇ ಪಾಯಿಂಟ್ ಕೂತಿರುವ ಬೇಸ್ ಪ್ಲೇಟ್‌ನ ಅರ್ಥ್ ಸರಿಯಿಲ್ಲ. ಅಳೆದ ಮೇಲೆ ಇಗ್ನಿಷನ್ ಆಫ್ ಮಾಡಿ. ಪಾಯಿಂಟ್ ಮುಚ್ಚಿರುವಾಗ ಆನ್ ಇಟ್ಟೇ ಬಿಟ್ಟರೆ ಕಾಯಿಲ್ ಬಿಸಿಯಾಗುತ್ತದೆ.

ಹಳೇಗಾಡಿ
ಕಿಡಿ ಇಲ್ಲ. ಕಾಯಿಲ್‌ನ ಇಗ್ನಿಷನ್ ಸ್ವಿಚ್ ಕಡೆ 12.3 ವೋಲ್ಟ್. ಸಿಬಿಯಲ್ಲಿ ಪಾಯಿಂಟ್ ತೆರೆದರೂ ಮುಚ್ಚಿದರೂ ಸೊನ್ನೆ.

ಗ್ರೀಸ್‌ಕೈ
ಸಿಬಿಯಿಂದ ಡಿಸ್ಟ್ರಿಬ್ಯೂಟರ್‌ಗೆ ಹೋಗುವ ವೈರ್ ಬಿಚ್ಚಿ ಮತ್ತೆ ಅಳೆಯಿರಿ. ಆಗಲೂ ಸೊನ್ನೆ ಅಂದರೆ ಕಾಯಿಲ್ ಒಳಗೆ ತುಂಡಾಗಿದೆ. 12 ಬಂದರೆ ಡಿಸ್ಟ್ರಿಬ್ಯೂಟರ್ ಒಳಗೆ ಶಾರ್ಟ್. ನನ್ನ ಅಂದಾಜು ಎರಡನೆಯದು, ಅದೂ ವಾಷರ್ ತಪ್ಪು. ಸಿಬಿ ವೈರ್ ಮತ್ತು ಕಂಡೆನ್ಸರ್ ವೈರ್‌ನ ಎರಡೂ ಕಣ್ಣುಗಳು (ತುದಿಯ ಬಳೆಗಳು) ಪಾಯಿಂಟ್ ಸ್ಪ್ರಿಂಗ್‌ಗೆ ಮಾತ್ರ ತಾಗಬೇಕು. ಅವು ಕೂರುವ ಕಂಬಕ್ಕಾಗಲಿ ಮೇಲಿನ ನಟ್‌ಗಾಗಲಿ ತಾಗದಂತೆ ನಡುವೆ ಪ್ಲಾಸ್ಟಿಕ್ ಬುಶ್ ಇರಬೇಕು. ಒಂದು ವಾಷರ್ ಹೆಚ್ಚುಕಮ್ಮಿಯಾದರೆ ಪಾಯಿಂಟ್ ಯಾವಾಗಲೂ ಮುಚ್ಚಿದ ಲೆಕ್ಕ. ಸರಿಮಾಡಿ ಗ್ಯಾಪ್ 15 ಥೌ, ಅಂದರೆ 0.38 ಮಿ.ಮೀ. ಇಡಿ.

ಪಾಯಿಂಟ್‌ಗ್ಯಾಪ್
ಕಿಡಿ ಬಂದ ಮೇಲೆ ರೋಟರನ್ನೂ ಪರೀಕ್ಷಿಸಿ. ಅದನ್ನು ಶಾಫ್ಟ್ ಮೇಲೇ ಬಿಟ್ಟು, ದಪ್ಪ ವೈರಿನ ತುದಿಯನ್ನು ಹಿತ್ತಾಳೆ ಪಟ್ಟಿಗಿಂತ 3 ಮಿ.ಮೀ. ಮೇಲೆ ಹಿಡಿದು ಪಾಯಿಂಟ್ ಮೀಟಿ. ಇಲ್ಲಿ ಕಿಡಿ ಹಾರಬಾರದು! ಹಾರಿದರೆ ರೋಟರ್ ತೂತಾಗಿ ಕರೆಂಟ್ ಶಾಫ್ಟ್‌ಗೆ ಇಳಿಯುತ್ತಿದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಕ್ಯಾಪ್ ಒಳಗೆ ಪೆನ್ಸಿಲ್ ಗೀರಿನಂಥ ಕಪ್ಪು ಗೆರೆ ಇದ್ದರೆ ಉಜ್ಜಿ ಪ್ರಯೋಜನವಿಲ್ಲ, ಹೊಸ ಕ್ಯಾಪ್ ಹಾಕಿ. ನಡುವಿನ ಕಾರ್ಬನ್ ಬ್ರಷ್ ಸ್ಪ್ರಿಂಗ್ ಮೇಲೆ ಸಲೀಸಾಗಿ ಆಡಬೇಕು.

ಹಳೇಗಾಡಿ
ವಾಷರೇ! ಸ್ಟಾರ್ಟ್ ಆಯಿತು. ರೋಟರ್, ಕ್ಯಾಪ್ ಚೆನ್ನಾಗಿವೆ. ಆದರೆ ಎಕ್ಸಿಲರೇಟರ್ ಒತ್ತಿದರೆ ಹಳೆಯ ಮಿಸ್ಸಿಂಗ್ ಹಾಗೇ ಇದೆ.

ಪಾಯಿಂಟ್‌ಗ್ಯಾಪ್
ಹಾಗಾದರೆ ಪಾಯಿಂಟ್ ಬದಲಾಯಿಸುವ ಅಗತ್ಯವೇ ಇರಲಿಲ್ಲವೇನೋ. ಕಾರ್ಬ್ಯುರೇಟರ್ ಕಡೆಯ ವ್ಯಾಕ್ಯೂಮ್ (ಗಾಳಿಯ ಹೀರುವಿಕೆ) ಎಳೆದಾಗಲೆಲ್ಲ ಬೇಸ್ ಪ್ಲೇಟ್ ತಿರುಗುತ್ತದೆ, ಅದರ ಜೊತೆ ಅರ್ಥ್ ವೈರ್, ಸಿಬಿ ವೈರ್ ಎರಡೂ ಬಳುಕುತ್ತವೆ. ವರ್ಷಗಟ್ಟಲೆ ಬಳುಕಿ ಬಟ್ಟೆ ಹೊದಿಕೆಯೊಳಗೇ ಎಳೆ ತುಂಡಾಗುತ್ತದೆ. ವ್ಯಾಕ್ಯೂಮ್ ಪೈಪನ್ನು ಕಾರ್ಬ್ಯುರೇಟರ್ ಕಡೆ ಬಿಚ್ಚಿ ಬಾಯಿಂದ ಹೀರುತ್ತ, ಆ ಎರಡೂ ವೈರ್‌ಗಳಲ್ಲಿ ಮೀಟರ್ ಓಮ್ ಜಿಗಿಯುತ್ತದಾ ನೋಡಿ. ಹೀರಿ ನಾಲಿಗೆಯಿಂದ ತೂತು ಮುಚ್ಚಿದಾಗ ಪ್ಲೇಟ್ ವಾಪಸ್ ಬಂದರೆ ಅದನ್ನು ಎಳೆಯುವ ಪೊರೆ, ಅಂದರೆ ಡಯಾಫ್ರಾಮ್, ಹರಿದಿದೆ. ವೈರ್ ಬದಲಿಸುವುದಾದರೆ ತೆಳು ಎಳೆಗಳ ಮೆದು ವೈರೇ ಬೇಕು. ಮನೆ ವೈರಿಂಗ್‌ನ ಗಟ್ಟಿ ತಂತಿ ಹಾಕಿದರೆ ಪ್ಲೇಟ್ ಆಡುವುದೇ ಇಲ್ಲ.

ಗ್ರೀಸ್‌ಕೈ
ವೈರ್ ಸರಿಯಿದ್ದರೆ ಶಾಫ್ಟ್ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ಕ್ಯಾಮ್‌ನ (ಪಾಯಿಂಟ್ ತೆರೆಸುವ ಶಾಫ್ಟ್ ಭಾಗ) ನಾಲ್ಕೂ ಮೂಲೆಗಳಲ್ಲಿ ಗ್ಯಾಪ್ ಅಳೆದಾಗ 2 ಥೌಗಿಂತ ಹೆಚ್ಚು ವ್ಯತ್ಯಾಸ ಬಂದರೆ ಶಾಫ್ಟ್‌ನ ಬುಶ್ ಸವೆದಿದೆ. ಡೆಲ್ಕೋ ಬಿಚ್ಚುವ ಮಾತು ಆಗ.